ಮಂದದೃಷ್ಟಿ ಇರುವವರಿಗೆ ಓದುವ ದೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಕ ಹಾಕಿಕೊಂಡರೂ, ಚಿಕಿತ್ಸೆ ಮುಗಿದರೂ ಪೂರ್ತಿ ಸರಿಹೋಗದ ದೃಷ್ಟಿಯನ್ನು ಇಲ್ಲಿ ಮಂದದೃಷ್ಟಿ ಎಂದಿದ್ದೇವೆ. ಅಂಥವರೂ ಅವರ ಮನೆಯವರೂ ಓದು, ಬರಹ, ಹೊಲಿಗೆ, ಅಡುಗೆಯ ದೀಪ ಆಯ್ದುಕೊಳ್ಳುವಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸರಳವಾದವು ಮೊದಲು, ತಾಂತ್ರಿಕವಾದವು ಕೊನೆಗೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದದ್ದು

ರೂಮಿನಲ್ಲಿ ಟ್ಯೂಬ್‌ಲೈಟ್ ಚೆನ್ನಾಗೇ ಉರಿಯುತ್ತಿದೆ. ಬೇರೆ ದೀಪ ಯಾಕೆ ಬೇಕು?

ಚಾವಣಿಯ ದೀಪ ಓಡಾಡಲು, ಎದುರಿಗಿರುವವರ ಮುಖ ನೋಡಲು ಸಾಕಾಗುತ್ತದೆ. ಪುಸ್ತಕದ ಪುಟಕ್ಕೆ ಸಾಲುವುದಿಲ್ಲ. ಸಾಮಾನ್ಯ ಮನೆಯ ಕೋಣೆಯಲ್ಲಿ ಪುಟದ ಮೇಲೆ ಬೀಳುವುದು 100ರಿಂದ 200 ಲಕ್ಸ್ ಬೆಳಕು (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆಯೇ ಲಕ್ಸ್). ಪುಸ್ತಕದ ಮೇಲೆ ಬಗ್ಗಿದ ಕೂಡಲೇ ತಲೆಯ, ಭುಜದ ನೆರಳು ಅದರಲ್ಲೂ ಪಾಲು ಕಿತ್ತುಕೊಳ್ಳುತ್ತದೆ. ಕಣ್ಣು ಚೆನ್ನಾಗಿರುವವರ ಕಚೇರಿ ಕೆಲಸಕ್ಕೇ 500 ಲಕ್ಸ್ ಇರಲಿ ಎನ್ನುತ್ತಾರೆ. ಮಂದದೃಷ್ಟಿಯ ಹಲವರಿಗೆ 1000 ದಾಟಿದ ಮೇಲಷ್ಟೇ ಅಕ್ಷರ ಬಿಡಿಸಿ ಕಾಣುತ್ತದೆ, ಕೆಲವರಿಗೆ 2000ಕ್ಕೂ ಹೆಚ್ಚು ಬೇಕು.

ವಯಸ್ಸಿನ ಪಾಲೂ ಇದರಲ್ಲಿದೆ. ವರ್ಷ ಕಳೆದಂತೆ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ (ಕಣ್ಣೊಳಗೆ ಹಿಂಬದಿಯಲ್ಲಿ ಚಿತ್ರ ಮೂಡುವ ಪದರಕ್ಕೆ) ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಇದು ಕಾಯಿಲೆಯಿಲ್ಲದ ಕಣ್ಣಿನ ಲೆಕ್ಕ. ಆದ್ದರಿಂದ "ನನಗೆ ಕಾಣುತ್ತಲ್ಲ, ಅಪ್ಪನಿಗೆ ಯಾಕೆ ಕಾಣಲ್ಲ" ಎಂದು ಮನೆಯ ಕಿರಿಯರು ತಮ್ಮ ಕಣ್ಣಿನಿಂದ ಅಳೆಯುವುದು ಸರಿಯಲ್ಲ.

ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿದರೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ವ್ಯಾಟ್ ಎಂದರೆ ಬಲ್ಬ್ ಎಳೆಯುವ ವಿದ್ಯುತ್. ಲ್ಯೂಮೆನ್ ಎಂದರೆ ಅದು ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು. ಓದುವವರಿಗೆ ಬೇಕಾದದ್ದು ಪುಟದ ಮೇಲೆ ಎಷ್ಟು ಬಿತ್ತು ಎಂಬುದು, ಅಂದರೆ ಲಕ್ಸ್. ಅದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ದೂರ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರ್ ದೂರದಲ್ಲಿ 300 ಲಕ್ಸ್ ಕೊಡುವ ಸಣ್ಣ ದೀಪ 50 ಸೆಂಟಿಮೀಟರ್‌ಗೆ ಬಂದರೆ 1200 ಲಕ್ಸ್, 25 ಸೆಂಟಿಮೀಟರ್‌ಗೆ ಬಂದರೆ ಹತ್ತಿರ ಹತ್ತಿರ 4800 ಲಕ್ಸ್ ಕೊಡುತ್ತದೆ. ಬಲ್ಬ್ ಬದಲಾಯಿಸಲಿಲ್ಲ, ಕರೆಂಟ್ ಬಿಲ್ ಏರಲಿಲ್ಲ, ದೀಪವನ್ನು ಒಂದೆರಡು ಮೊಳ ಹತ್ತಿರ ಎಳೆದದ್ದಷ್ಟೇ.

ಹಾಗಾಗಿ ಓದುವ ದೀಪದಲ್ಲಿ ನಾವು ಮೊದಲು ನೋಡುವುದು ಅದರ ತೋಳನ್ನು. ಬೇಕಾದಲ್ಲಿಗೆ ಬಂದು, ಬಿಟ್ಟಲ್ಲೇ ನಿಲ್ಲುತ್ತದೆಯೇ? ಆ ಗುಣವಿಲ್ಲದ ದೀಪಕ್ಕೆ ಎಷ್ಟು ಶಕ್ತಿಯಿದ್ದರೂ ಅದು ಇನ್ನೊಂದು ಚಾವಣಿ ದೀಪವೇ.

ಜಾಸ್ತಿ ಬೆಳಕಿನಲ್ಲಿ ಓದಿದರೆ ಉಳಿದಿರೋ ದೃಷ್ಟಿಯೂ ಹೋಗಿಬಿಡುತ್ತಾ?

ಇಲ್ಲ. ಮೋಡವಿಲ್ಲದ ಹಗಲಿನಲ್ಲಿ ಹೊರಗೆ ನೆರಳಿನಲ್ಲಿ ನಿಂತರೂ 10,000 ಲಕ್ಸ್ ಆಸುಪಾಸಿನ ಬೆಳಕಿರುತ್ತದೆ, ನೇರ ಬಿಸಿಲಿನಲ್ಲಿ ಅದು 1,00,000ದವರೆಗೂ ಹೋಗುತ್ತದೆ. ಓದುವ ದೀಪದ ಕೆಳಗಿನ ಎರಡು, ಮೂರು ಸಾವಿರ ಲಕ್ಸ್ ಅದರ ಮುಂದೆ ಬಲು ಚಿಕ್ಕದು. ಎಲ್‌ಇಡಿಯ ನೀಲಿ ಬೆಳಕಿನ ಭಯವೂ ಹಲವರಿಗಿದೆ. ಪುಟದಿಂದ ಪ್ರತಿಫಲಿಸಿ ಬರುವ ಬೆಳಕನ್ನು ನೋಡುವುದಕ್ಕೂ ಬಲ್ಬನ್ನೇ ದಿಟ್ಟಿಸುವುದಕ್ಕೂ ಬಹಳ ಅಂತರವಿದೆ. ಬರಿಯ ಎಲ್‌ಇಡಿ ಚುಕ್ಕೆಯನ್ನು ದಿಟ್ಟಿಸಬೇಡಿ, ಅಷ್ಟು ಸಾಕು.

ಮಬ್ಬಿನಲ್ಲಿ ಓದಿದರೆ ಕಣ್ಣು ಹಾಳಾಗುತ್ತದೆ ಎಂಬುದೂ ನಿಜವಲ್ಲ. ಮಬ್ಬಿನಲ್ಲಿ ದಣಿವಾಗುತ್ತದೆ, ತಲೆ ನೋಯುತ್ತದೆ, ಕೊನೆಗೆ ಓದುವುದೇ ಬೇಡ ಅನ್ನಿಸುತ್ತದೆ. ನಷ್ಟ ಅಲ್ಲಿದೆ.

ಬೆಳಕು ಜಾಸ್ತಿ ಮಾಡಿದಷ್ಟೂ ಅಮ್ಮನಿಗೆ ಕಣ್ಣು ಕುಕ್ಕುತ್ತದಂತೆ. ಹಾಗಾದರೆ ಕಡಿಮೆ ಮಾಡಬೇಕಾ?

ಮೊದಲು ಬೆಳಕಿನ ದಾರಿ ನೋಡಿ, ಪ್ರಮಾಣ ಆಮೇಲೆ. ಪುಟದ ಮೇಲೆ ಬೀಳುವ ಬೆಳಕು ನೆರವಾಗುತ್ತದೆ, ಬಲ್ಬಿನಿಂದ ನೇರ ಕಣ್ಣಿಗೆ ಬರುವ ಬೆಳಕು ತೊಂದರೆ ಕೊಡುತ್ತದೆ. ನೇರ ಬಂದ ಬೆಳಕು ಕಣ್ಣೊಳಗೆ ಚದುರಿ ಇಡೀ ಚಿತ್ರದ ಮೇಲೆ ಬಿಳಿ ಮಬ್ಬು ಹರಡುತ್ತದೆ. ಕೊಳೆಯಾದ ಮುಂಗಾಜಿನ ಮೇಲೆ ಎದುರಿನ ಗಾಡಿಯ ಹೆಡ್‌ಲೈಟ್ ಬಿದ್ದಾಗ ರಸ್ತೆಯೇ ಕಾಣದಂತಾಗುತ್ತದಲ್ಲ, ಹಾಗೆ. ಪೊರೆ (ಕ್ಯಾಟರಾಕ್ಟ್) ಅಥವಾ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಕಲೆ ಇದ್ದರೆ ಈ ಚದುರುವಿಕೆ ಇನ್ನೂ ಹೆಚ್ಚು.

ಅಮ್ಮ ಓದುವ ಭಂಗಿಯಲ್ಲೇ ಕೂತಿರಲಿ. ನಿಮ್ಮ ಕಣ್ಣನ್ನು ಅವರ ಕಣ್ಣಿನ ಎತ್ತರಕ್ಕೆ ತಂದು ದೀಪದ ಕಡೆ ನೋಡಿ. ಬಲ್ಬ್ ಆಗಲಿ, ಹೊಳೆಯುವ ಫಲಕವಾಗಲಿ ಒಂದು ಎಳೆಯಷ್ಟು ಕಂಡರೂ ದೀಪದ ತಲೆಯನ್ನು ಕೆಳಗಿಳಿಸಿ ಅಥವಾ ಹೊರಕ್ಕೆ ತಿರುಗಿಸಿ. ಅದು ಸರಿಯಾದ ಮೇಲೂ ಪುಟದ ಬಿಳುಪೇ ಕುಕ್ಕುತ್ತಿದ್ದರೆ ಕಪ್ಪು ರಟ್ಟಿನಲ್ಲಿ ಎರಡು ಮೂರು ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ ಪುಟದ ಮೇಲೆ ಇಟ್ಟು ಓದಿಸಿ. ಸುತ್ತಲಿನ ಬಿಳುಪು ಮುಚ್ಚಿಹೋಗುತ್ತದೆ, ಸಾಲೂ ತಪ್ಪುವುದಿಲ್ಲ. ಇಷ್ಟು ಮಾಡಿದ ಮೇಲೂ ಕಷ್ಟವಾದರೆ ಆಗ ಬೆಳಕು ತಗ್ಗಿಸಿ.

ಕಣ್ಣಿನ ಯಾವ ತೊಂದರೆಗೆ ಎಂಥ ಬೆಳಕು ಹೊಂದುತ್ತದೆ?

ಕಾಯಿಲೆಯ ಹೆಸರು ದಿಕ್ಕು ತೋರಿಸುತ್ತದೆ, ಅಳತೆ ಹೇಳುವುದಿಲ್ಲ. ಒಂದೇ ಕಾಯಿಲೆಯ ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಎರಡರಷ್ಟು ಬೆಳಕು ಬೇಕಾಗಬಹುದು.

ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಮ್ಯಾಕ್ಯುಲರ್ ಡಿಜನರೇಶನ್‌ನಲ್ಲಿ ಒಳ್ಳೆಯ ದೀಪದಿಂದ ಸಿಗುವ ಲಾಭ ಬಹಳ ದೊಡ್ಡದು. 1500, 2000 ಲಕ್ಸ್‌ವರೆಗೂ ಏರಿಸಿ ನೋಡಬೇಕು. ಆದರೆ ಇವರ ಕಣ್ಣು ಬೆಳಕಿನಿಂದ ಮಬ್ಬಿಗೆ ಹೊಂದಿಕೊಳ್ಳಲು ತಡಮಾಡುತ್ತದೆ. ಓದು ಮುಗಿಸಿ ಎದ್ದ ಕೂಡಲೇ ಕತ್ತಲ ಹಜಾರಕ್ಕೆ ಕಾಲಿಟ್ಟರೆ ಎಡವುತ್ತಾರೆ.

ಕಣ್ಣಿನ ನರ ಕೆಡುವ ಗ್ಲಾಕೋಮಾದಲ್ಲಿ ಅಕ್ಷರಕ್ಕೂ ಕಾಗದಕ್ಕೂ ಇರುವ ವ್ಯತ್ಯಾಸ ಮಸುಕಾಗುತ್ತದೆ, ಬೆಳಕು ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ಪಕ್ಕದ ನೋಟ ಕಡಿಮೆಯಿರುವುದರಿಂದ ನೆಲದ ಮೇಲೆ ಹಾಯುವ ವೈರ್, ಸ್ಟ್ಯಾಂಡಿನ ಕಾಲು ಅಪಾಯ. ಅಕ್ಷಿಪಟಲ ಅಂಚಿನಿಂದ ಸವೆಯುತ್ತ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ಜೊತೆಗೆ ಇರುಳುಗುರುಡು ಇರುವುದರಿಂದ ಕೋಣೆಯ ಉಳಿದ ಭಾಗವೂ ಬೆಳಗಿರಬೇಕು.

ಡಯಾಬಿಟಿಸ್‌ನಿಂದ ಅಕ್ಷಿಪಟಲ ಕೆಟ್ಟಿದ್ದರೆ ದೃಷ್ಟಿ ದಿನದಿಂದ ದಿನಕ್ಕೆ ಏರಿಳಿಯಬಹುದು. ನಿನ್ನೆ ಹಿತವಾದ ಬೆಳಕು ಇಂದು ಸಾಲದು. ಇವರಿಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಇರಲೇಬೇಕು.

ಮೈಗೆ, ಕಣ್ಣಿಗೆ ಬಣ್ಣ ಕೊಡುವ ದ್ರವ್ಯ ಕಡಿಮೆಯಿರುವ ಆಲ್ಬಿನಿಸಂ ಇರುವವರು, ಹುಟ್ಟಿನಿಂದ ಕಣ್ಣಿನ ಬಣ್ಣದ ಪೊರೆಯೇ ಇಲ್ಲದವರು, ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡದ ಅಕ್ರೋಮಟಾಪ್ಸಿಯಾ ಇರುವವರು ಬೆಳಕನ್ನೇ ಸಹಿಸಲಾರರು. ಇವರಿಗೆ ಮೇಲೆ ಹೇಳಿದ ಸಾವಿರಗಳ ಲೆಕ್ಕ ಅನ್ವಯಿಸದು. ತೀರಾ ಕೆಳಮಟ್ಟಕ್ಕೆ ಇಳಿಯಬಲ್ಲ, ಬಲ್ಬ್ ಎಲ್ಲಿಂದಲೂ ಕಾಣದ ದೀಪವನ್ನೇ ಹುಡುಕಿ.

ಬಿಳಿ ಬೆಳಕು ಒಳ್ಳೆಯದಾ, ಹಳದಿಯಾ?

ಓದುವವರು ಯಾವುದರಲ್ಲಿ ಹಿತವಾಗಿ ಓದುತ್ತಾರೋ ಅದು. ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: 2700 ಹಳದಿ, 4000 ನಡುವಿನ ಬಿಳಿ, 6500 ನೀಲಿ ಛಾಯೆಯ ಬಿಳಿ. ನೀಲಿ ಬಿಳಿಯಲ್ಲಿ ಕಾಗದ ಬೆಳ್ಳಗೆ ಕಂಡು ಅಕ್ಷರ ಗಾಢವಾಯಿತು ಎನ್ನುವವರಿದ್ದಾರೆ, ಅದೇ ಬೆಳಕು ಚುಚ್ಚುತ್ತದೆ ಎನ್ನುವವರೂ ಇದ್ದಾರೆ. ಪೊರೆ ಇರುವವರು ಹೆಚ್ಚಾಗಿ 2700ರಿಂದ 4000ದ ನಡುವೆ ನಿಲ್ಲುತ್ತಾರೆ. ಮೊದಲ ದೀಪವಾದರೆ ಬಣ್ಣ ಬದಲಿಸಬಹುದಾದದ್ದನ್ನು ತನ್ನಿ. ಅದು ಆಗದಿದ್ದರೆ 4000 ಕೆಲ್ವಿನ್‌ನಿಂದ ಶುರುಮಾಡಿ. ಬಣ್ಣದ ಆಯ್ಕೆಗಿಂತ ದೂರ ಮತ್ತು ಕೋನ ಸರಿಪಡಿಸುವುದರಿಂದಲೇ ಸಾಮಾನ್ಯವಾಗಿ ಹೆಚ್ಚು ಲಾಭ.

## ಕೊಳ್ಳುವಾಗ

ಡಬ್ಬಿಯ ಮೇಲೆ ಬರೆದಿರೋದರಲ್ಲಿ ಯಾವುದನ್ನು ನಂಬಬೇಕು?

ಅಂಕಿಗಳನ್ನು ನೋಡಿ, ವಿಶೇಷಣಗಳನ್ನು ಬಿಡಿ. ಹತ್ತಿರ ಎಳೆದುಕೊಳ್ಳಬಹುದಾದ ದೀಪಕ್ಕೆ 400ರಿಂದ 800 ಲ್ಯೂಮೆನ್ ಸಾಕು. ಎಲ್‌ಇಡಿಯಲ್ಲಿ ಅದು ಸಾಮಾನ್ಯವಾಗಿ 5ರಿಂದ 10 ವ್ಯಾಟ್ ಆಗುತ್ತದೆ. ಕೆಲ್ವಿನ್ ಎಷ್ಟೆಂದು ಬರೆದಿರಬೇಕು. ಸಿಆರ್‌ಐ ಎಂಬ ಅಂಕಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುತ್ತದೆ. ಓದಿಗೆ 80 ನಡೆಯುತ್ತದೆ. ನೂಲು, ಬಟ್ಟೆ, ಮಾತ್ರೆಗಳ ಬಣ್ಣ ಗುರುತಿಸಬೇಕಾದರೆ 90 ದಾಟಿರಲಿ.

"ಕಣ್ಣಿಗೆ ರಕ್ಷಣೆ", "ಪೂರ್ಣ ವರ್ಣಪಟಲ", "ಸೂರ್ಯನ ಬೆಳಕಿನಂತೆ" ಎಂಬ ಬರಹಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಅವುಗಳಿಗಾಗಿ ಹೆಚ್ಚು ಹಣ ಕೊಡಬೇಡಿ.

ಹಳೇ ಕಾಲದ ಬಲ್ಬ್, ಹ್ಯಾಲೊಜನ್ ದೀಪವನ್ನೇ ಬಳಸಬಹುದಾ?

ಅವುಗಳ ಬಣ್ಣ ಚೆನ್ನ, ಸಿಆರ್‌ಐ 100ರ ಹತ್ತಿರ. ತೊಂದರೆ ಬಿಸಿಯದು. ಮಂದದೃಷ್ಟಿಯವರು ಮುಖವನ್ನೂ ಕೈಯನ್ನೂ ದೀಪಕ್ಕೆ ಬಹಳ ಹತ್ತಿರ ತರುತ್ತಾರೆ, ದೀಪದ ತಲೆಯನ್ನು ಕೈಯಿಂದ ತಡಕಿ ಹಿಡಿದು ತಿರುಗಿಸುತ್ತಾರೆ. ಹ್ಯಾಲೊಜನ್ ಮುಟ್ಟಿದರೆ ಚರ್ಮ ಸುಡುತ್ತದೆ. ಸುಡದಿದ್ದರೂ ಕೆನ್ನೆಗೆ ತಾಕುವ ಕಾವಿನಿಂದಾಗಿ ದೀಪವನ್ನು ದೂರ ಸರಿಸುತ್ತಾರೆ, ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಎಲ್‌ಇಡಿ ತನ್ನಿ. ಹಳೆಯ ದೀಪದ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಹಾಕಬಹುದು. ಬಲ್ಬಿನ ಸುತ್ತಲಿನ ಬುಟ್ಟಿಯಲ್ಲಿ ಗಾಳಿಯಾಡುವ ಕಿಂಡಿಗಳಿರಬೇಕು, ಇಲ್ಲವಾದರೆ ಬಲ್ಬಿನ ಬುಡದಲ್ಲಿರುವ ಸರ್ಕ್ಯೂಟ್ ಕಾದು ಬೇಗ ಕೆಡುತ್ತದೆ.

ದೀಪದ ತಲೆ ಹೇಗಿರಬೇಕು? ಪಟ್ಟಿಯಂತೆ ಇರೋದಾ, ಬುಟ್ಟಿಯಂತೆ ಇರೋದಾ?

ಬುಟ್ಟಿಯಾದರೆ ಬೆಳಕು ತೂರಿಬರದ ಲೋಹದ್ದಿರಲಿ, ಬಲ್ಬ್ ಅಂಚಿಗಿಂತ ಸಾಕಷ್ಟು ಒಳಗಿರಲಿ. ಬಟ್ಟೆಯ, ಹಾಲುಗಾಜಿನ ಬುಟ್ಟಿಗಳು ತಾವೇ ಹೊಳೆದು ಕಣ್ಣಿಗೆ ಹೊಡೆಯುತ್ತವೆ. 30ರಿಂದ 40 ಸೆಂಟಿಮೀಟರ್ ಉದ್ದದ ಪಟ್ಟಿಯಾದರೆ ದಿನಪತ್ರಿಕೆಯ ಅಗಲಕ್ಕೂ ಸಮನಾಗಿ ಬೆಳಕು ಬೀಳುತ್ತದೆ.

ಪಟ್ಟಿಯ ದೀಪದಲ್ಲಿ ಒಂದನ್ನು ಪರೀಕ್ಷಿಸಲೇಬೇಕು. ಬಿಳಿ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ನೆರಳು ನೋಡಿ. ಬರಿಯ ಎಲ್‌ಇಡಿ ಚುಕ್ಕೆಗಳ ಸಾಲಿದ್ದರೆ ಪೆನ್ನಿಗೆ ಬಾಚಣಿಗೆಯ ಹಲ್ಲಿನಂತೆ ಆರೇಳು ನೆರಳು ಬೀಳುತ್ತವೆ. ಬರೆಯುವಾಗ, ಸೂಜಿ ಹಿಡಿದಾಗ ನಿಜವಾದ ತುದಿ ಯಾವುದೆಂದು ಮಂದದೃಷ್ಟಿಯವರಿಗೆ ತಿಳಿಯುವುದೇ ಇಲ್ಲ. ಚುಕ್ಕೆಗಳ ಮೇಲೆ ಹಾಲುಬಣ್ಣದ ಹೊದಿಕೆ ಇರುವ ದೀಪದಲ್ಲಿ ಒಂದೇ ಮೆದು ನೆರಳು ಬೀಳುತ್ತದೆ.

ಬಗ್ಗಿಸೋ ಕತ್ತಿನ ದೀಪ, ಸ್ಪ್ರಿಂಗ್ ತೋಳಿನ ದೀಪ: ಯಾವುದು ಬಾಳಿಕೆ ಬರುತ್ತದೆ?

ಸ್ಪ್ರಿಂಗ್ ತೋಳು. ಎರಡು ಮೂರು ಕೀಲುಗಳಿದ್ದು, ಪೂರ್ತಿ ಚಾಚಿದರೆ 60ರಿಂದ 80 ಸೆಂಟಿಮೀಟರ್ ತಲುಪಬೇಕು. ಒಂದೇ ಕೈಯಿಂದ, ಕಣ್ಣು ಮುಚ್ಚಿಕೊಂಡು ಎಳೆದು ಬಿಟ್ಟು ನೋಡಿ. ಬಿಟ್ಟಲ್ಲೇ ನಿಲ್ಲಬೇಕು, ಮೇಲಕ್ಕೆ ಜಿಗಿಯಬಾರದು, ಕೆಳಕ್ಕೆ ಜಾರಬಾರದು. ಸ್ಪ್ರಿಂಗಿನ ಸಂದಿಗೆ ಬೆರಳು ಸಿಗದಂತೆ ಮುಚ್ಚಿದ ತೋಳು ಇನ್ನೂ ಒಳ್ಳೆಯದು.

ಬಗ್ಗಿಸುವ ಕತ್ತು ಹಗುರ ತಲೆಗೆ ಸರಿ. ತಲೆ ಭಾರವಾದರೆ ಅಥವಾ ಕತ್ತು ಉದ್ದವಾದರೆ ಬಳಸುತ್ತ ಬಳಸುತ್ತ ಒಳಗಿನ ಸುರುಳಿ ಸಡಿಲಗೊಂಡು ತೂಗಿಬೀಳುತ್ತದೆ. ಅದನ್ನು ಬಿಗಿ ಮಾಡುವ ತಿರುಪಿರುವುದಿಲ್ಲ. ತೋಳಿನ ಕೀಲಿಗಾದರೆ ತಿರುಪು ಇರುತ್ತದೆ.

ಬುಡದ ವಿಷಯ: ಖಾಯಂ ಮೇಜಿಗೆ ಕ್ಲ್ಯಾಂಪ್ ಉತ್ತಮ, ಕೈ ತಾಗಿದರೂ ಉರುಳದು. ಕೊಳ್ಳುವ ಮೊದಲು ಮೇಜಿನ ಅಂಚಿನ ದಪ್ಪ ಅಳೆದುಕೊಂಡು ಹೋಗಿ, ಕ್ಲ್ಯಾಂಪ್ ಅಷ್ಟು ತೆರೆಯುತ್ತದೆಯೇ ನೋಡಿ. ಗಾಜಿನ ಮೇಜಿಗೆ ಕ್ಲ್ಯಾಂಪ್ ಬೇಡ. ಕುರ್ಚಿಯಲ್ಲಿ, ಹಾಸಿಗೆಯಲ್ಲಿ ಓದುವವರಿಗೆ ನೆಲದ ಸ್ಟ್ಯಾಂಡ್. ಅದರ ಬುಡ ಭಾರವಾಗಿ, ಚಪ್ಪಟೆಯಾಗಿ, ನೆಲದ ಬಣ್ಣಕ್ಕಿಂತ ಎದ್ದು ಕಾಣುವಂತಿರಲಿ.

ಟಚ್ ಸ್ವಿಚ್ ಇರೋ ದೀಪ ತರಬಹುದಾ?

ತರಬೇಡಿ ಎನ್ನುತ್ತೇವೆ. ನುಣುಪಾದ ಮೈಮೇಲೆ ಮುಟ್ಟುವ ಜಾಗ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುವುದಿಲ್ಲ. ಹುಡುಕುವಾಗಲೇ ದೀಪ ಹತ್ತಿ, ಆರಿ, ಬಣ್ಣ ಬದಲಾಗಿ ಗೊಂದಲವಾಗುತ್ತದೆ. ಬೆರಳಿಗೆ ಸಿಗುವ ಗುಂಡಿ, "ಟಕ್" ಎಂದು ಕೂರುವ ಸ್ವಿಚ್, ತಿರುಗಿಸುವ ಬಿರಡೆ ಇರಲಿ. ಈಗಾಗಲೇ ಟಚ್ ದೀಪ ತಂದಿದ್ದರೆ ಮುಟ್ಟುವ ಜಾಗದ ಪಕ್ಕದಲ್ಲಿ ಉಬ್ಬಿದ ಅಂಟುಚುಕ್ಕೆ ಹಚ್ಚಿ, ಜಾಗದ ಮೇಲೆ ಮಾತ್ರ ಬೇಡ. ಸ್ವಿಚ್ ತಲೆಯ ಮೇಲಿದ್ದರೆ ಹಾಕುವಾಗ ಬಲ್ಬ್ ಕಣ್ಣಿಗೆ ಹೊಡೆಯುತ್ತದೆ, ಬುಡದಲ್ಲಿ ಅಥವಾ ವೈರಿನ ಮೇಲೆ ಇರುವುದೇ ಅನುಕೂಲ.

ಭೂತಗನ್ನಡಿ ಜೋಡಿಸಿರೋ ದೀಪ ಒಂದು ತಂದರೆ ಎರಡೂ ಕೆಲಸ ಆಗುತ್ತಲ್ಲ?

ಎರಡೂ ಕೈ ಬಿಡುವಾಗಿರಬೇಕಾದ ಕೆಲಸಕ್ಕೆ ಅದು ನಿಜಕ್ಕೂ ಒಳ್ಳೆಯದು: ಗುಂಡಿ ಹೊಲಿಯುವುದು, ಉಗುರು ಕತ್ತರಿಸುವುದು, ಮಾತ್ರೆ ವಿಂಗಡಿಸುವುದು. ಓದಿಗೆ ಅದರ ಶಕ್ತಿ ಕಡಿಮೆ. ಇಂಥ ದೀಪಗಳಲ್ಲಿ ಸಾಮಾನ್ಯವಾಗಿ 3 ಅಥವಾ 5 ಡಯಾಪ್ಟರ್ ಗಾಜು ಇರುತ್ತದೆ (ಡಯಾಪ್ಟರ್ ಎಂದರೆ ಗಾಜಿನ ಶಕ್ತಿಯ ಅಳತೆ). ಡಬ್ಬಿಯ ಮೇಲೆ 1.75 ಪಟ್ಟು, 2.25 ಪಟ್ಟು ಎಂದು ಬರೆದಿರುವುದು ಇವನ್ನೇ. ಕಣ್ಣಿನ ಆಸ್ಪತ್ರೆಯಲ್ಲಿ 10 ಅಥವಾ 12 ಡಯಾಪ್ಟರ್ ಲೆನ್ಸ್ ಬರೆದುಕೊಟ್ಟಿದ್ದರೆ ಇದು ಅದರ ಜಾಗ ತುಂಬಲಾರದು.

ಗಾಜಿಗೂ ವಸ್ತುವಿಗೂ ಇರಬೇಕಾದ ದೂರಕ್ಕೆ ಲೆಕ್ಕವಿದೆ. 100ನ್ನು ಡಯಾಪ್ಟರ್‌ನಿಂದ ಭಾಗಿಸಿದರೆ ಸೆಂಟಿಮೀಟರ್ ಬರುತ್ತದೆ: 3ಕ್ಕೆ 33, 5ಕ್ಕೆ 20. ಅದಕ್ಕಿಂತ ತುಸು ಹತ್ತಿರವೇ ಇಡಿ. ದೂರ ಮೀರಿದರೆ ಚಿತ್ರ ಮಸುಕಾಗುತ್ತದೆ, ಇನ್ನೂ ಮೀರಿದರೆ ತಲೆಕೆಳಗಾಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಿಟಕಿಯ ಬಿಸಿಲು ಬೀಳುವಲ್ಲಿ ಈ ದೀಪವನ್ನು ತೆರೆದಿಟ್ಟು ಹೋಗಬೇಡಿ. ಗಾಜು ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ, ಪರದೆಗೆ ಬೆಂಕಿ ಹಚ್ಚಬಲ್ಲದು. ದೀಪ ಆರಿಸಿದ್ದರೂ ಅಪಾಯ ಅಷ್ಟೇ ಇರುತ್ತದೆ. ಗಾಜಿನ ಮುಚ್ಚಳ ಹಾಕಿ, ಮುಚ್ಚಳವಿಲ್ಲದಿದ್ದರೆ ದಪ್ಪ ಬಟ್ಟೆ ಹೊದಿಸಿ.

ಅಂಗಡಿಯಲ್ಲಿ ಎಲ್ಲ ದೀಪವೂ ಒಂದೇ ಥರ ಕಾಣುತ್ತವೆ. ಹೇಗೆ ಆರಿಸೋದು?

ಅಂಗಡಿಯ ಝಗಮಗದಲ್ಲಿ ಯಾವ ದೀಪದ ಬೆಳಕೂ ತಿಳಿಯುವುದಿಲ್ಲ. ಮಬ್ಬಾದ ಮೂಲೆ ಕೇಳಿ, ಇಲ್ಲವೇ ಹಿಂತಿರುಗಿಸಲು ಒಪ್ಪುವ ಕಡೆ ಕೊಂಡು ಮನೆಯಲ್ಲೇ ಪರೀಕ್ಷಿಸಿ. ದೀಪ ಬಳಸುವವರೇ ಇರಬೇಕು, ಅವರ ಕನ್ನಡಕ ಅಥವಾ ಲೆನ್ಸ್ ಇರಬೇಕು, ಅವರು ನಿತ್ಯ ಓದುವ ಪುಟವೇ ಇರಬೇಕು.

ದೀಪವನ್ನು ಪುಟದಿಂದ 50 ಸೆಂಟಿಮೀಟರ್‌ನಲ್ಲಿಟ್ಟು ಯಾವ ಗಾತ್ರದ ಅಕ್ಷರದವರೆಗೆ ಓದಲಾಯಿತು ಗುರುತು ಹಾಕಿ. ಆಮೇಲೆ 35, ಆಮೇಲೆ 25. ಹೀಗೆ ದೊಡ್ಡ ಹೆಜ್ಜೆಯಲ್ಲೇ ಬದಲಿಸಿ, ಏಕೆಂದರೆ 500 ಲಕ್ಸ್ 600 ಆದರೆ ಕಣ್ಣಿಗೆ ಅಷ್ಟಾಗಿ ತಿಳಿಯದು, ಎರಡರಷ್ಟಾದರೆ ತಿಳಿಯುತ್ತದೆ. ಹತ್ತಿರ ತಂದರೂ ಇನ್ನೂ ಸಣ್ಣಕ್ಷರ ಓದಲಾಗದ ಹಂತ ಬಂದಾಗ ನಿಲ್ಲಿಸಿ, ಅದಕ್ಕಿಂತ ಹೆಚ್ಚಿನ ಬೆಳಕು ಬರಿಯ ಕಿರಿಕಿರಿ. ಕೊನೆಗೆ ಆ ದೂರದಲ್ಲಿ ಹತ್ತು ನಿಮಿಷ ಬಿಡದೆ ಓದಿಸಿ. ಮೊದಲ ನಿಮಿಷದಲ್ಲಿ "ಆಹಾ" ಅನ್ನಿಸಿದ ಬೆಳಕು ಹತ್ತನೆಯ ನಿಮಿಷಕ್ಕೆ ಕಣ್ಣಲ್ಲಿ ನೀರು ತರಿಸಬಹುದು.

## ಇಡುವಾಗ, ಬಳಸುವಾಗ

ದೀಪ ಎಡಕ್ಕಿರಬೇಕಾ, ಬಲಕ್ಕಾ?

ಓದುವಾಗ, ಎರಡರಲ್ಲಿ ಹೆಚ್ಚು ಕಾಣುವ ಕಣ್ಣಿನ ಕಡೆಗೆ. ಪುಟವನ್ನು ಮುಖದ ಹತ್ತಿರ ಹಿಡಿದಾಗ ಮೂಗು, ತಲೆ ಬೆಳಕಿಗೆ ಅಡ್ಡ ಬರುತ್ತವೆ. ಬಳಸುವ ಕಣ್ಣಿನ ಕಡೆಯಿಂದ ಬಂದ ಬೆಳಕಿಗೆ ಆ ಅಡ್ಡಿಯಿಲ್ಲ. ಬರೆಯುವಾಗ, ಬರೆಯುವ ಕೈಯ ಎದುರು ಬದಿಗೆ, ಇಲ್ಲದಿದ್ದರೆ ಕೈಯ ನೆರಳು ಪೆನ್ನಿನ ತುದಿಯ ಮೇಲೇ ಬೀಳುತ್ತದೆ. ಬಲಗಣ್ಣಿನಿಂದ ನೋಡಿ ಬಲಗೈಯಿಂದ ಬರೆಯುವವರು ದೀಪವನ್ನು ಓದಿಗೆ ಬಲಕ್ಕೆ, ಬರಹಕ್ಕೆ ಎಡಕ್ಕೆ ಸರಿಸಬೇಕು. ತೋಳು ಉದ್ದವಿರಬೇಕು ಎಂದದ್ದು ಇದಕ್ಕೇ.

ಎತ್ತರ: ದೀಪದ ತಲೆ ಕಣ್ಣಿಗಿಂತ ಕೆಳಗೆ, ಪುಟದಿಂದ 25ರಿಂದ 35 ಸೆಂಟಿಮೀಟರ್ ಮೇಲೆ. ಪುಟವನ್ನು ಇಳಿಜಾರು ಸ್ಟ್ಯಾಂಡಿನ ಮೇಲಿಟ್ಟರೆ ಬಗ್ಗುವುದು ತಪ್ಪಿ ತಲೆಯ ನೆರಳೂ ದೂರವಾಗುತ್ತದೆ. ಕತ್ತುನೋವಿನಿಂದ ಓದು ಬಿಟ್ಟವರಿಗೆ ಈ ಸ್ಟ್ಯಾಂಡ್ ದೀಪದಷ್ಟೇ ಮುಖ್ಯ.

ನುಣುಪು ಕಾಗದದ ಪತ್ರಿಕೆ ಓದುವಾಗ ಪುಟದ ಮೇಲೆ ಬಿಳಿ ಪಟ್ಟೆ ಕಾಣುತ್ತೆ. ದೀಪ ಬದಲಾಯಿಸಬೇಕಾ?

ಬೇಡ, ಕೋನ ಬದಲಾಯಿಸಿ. ಸಣ್ಣ ಕನ್ನಡಿಯೊಂದನ್ನು ಪುಟದ ಮೇಲೆ ಮಲಗಿಸಿ, ಓದುವ ಭಂಗಿಯಲ್ಲೇ ಅದರೊಳಗೆ ನೋಡಿ. ದೀಪ ಕಂಡರೆ ಆ ಜಾಗದಲ್ಲಿ ಪಟ್ಟೆ ಮೂಡುತ್ತದೆ. ಕನ್ನಡಿಯಿಂದ ದೀಪ ಮಾಯವಾಗುವವರೆಗೆ ಅದನ್ನು ಪಕ್ಕಕ್ಕೆ ಸರಿಸಿ. ಸಾಮಾನ್ಯವಾಗಿ ಎದುರಿನಿಂದ ಪಕ್ಕಕ್ಕೆ ತಂದರೆ ಸಾಕು. ಕನ್ನಡಿಯನ್ನು ಪುಟದ ನಾಲ್ಕು ಮೂಲೆಗೂ ಒಯ್ದು ನೋಡಿ. ಕಿಟಕಿಯೋ ಚಾವಣಿ ದೀಪವೋ ಕಂಡರೆ ತಪ್ಪು ಅವುಗಳದ್ದು.

ಬೇರೆ ದೀಪ ಆರಿಸಿ ಬರೀ ಟೇಬಲ್ ಲ್ಯಾಂಪ್ ಹಾಕಿಕೊಂಡರೆ ಗಮನ ಹೆಚ್ಚುತ್ತದಂತೆ, ನಿಜವೇ?

ಮಂದದೃಷ್ಟಿಯವರಿಗೆ ಅದು ಸಲ್ಲದು. ಪುಟ ಬೆಳ್ಳಗೆ, ಸುತ್ತ ಕತ್ತಲು ಇದ್ದರೆ ತಲೆ ಎತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕು. ಪುಟದ ಹೊಳಪು ಪಕ್ಕದ ಮೇಜಿನ ಮೂರು ಪಟ್ಟು, ದೂರದ ಗೋಡೆಯ ಹತ್ತು ಪಟ್ಟು ಮೀರದಿರಲಿ. ಕಣ್ಣಂದಾಜಿಗೆ ಹೇಳುವುದಾದರೆ ಚಾವಣಿ ದೀಪ ಉರಿಯುತ್ತಿರಲಿ, ಓದುವ ದೀಪ ಅದರ ಮೇಲೆ ಸೇರಲಿ. ಕಿಟಕಿಗೆ ಮುಖ ಮಾಡಿ ಕೂರಬೇಡಿ, ಕಿಟಕಿ ಪಕ್ಕಕ್ಕಿರಲಿ. ಗಾಜು ಅಥವಾ ಪಾಲಿಶ್ ಮೇಜಿಗೆ ಹೊಳಪಿಲ್ಲದ ಬಟ್ಟೆ ಹಾಸಿ.

ಕೈಯಲ್ಲಿ ಲೆನ್ಸ್ ಹಿಡಿದು ಓದುವಾಗ ದೀಪ ಎಲ್ಲಿಡಬೇಕು?

ಬೆಳಕು ಲೆನ್ಸಿಗೂ ಪುಟಕ್ಕೂ ನಡುವಿನ ಸಂದಿಗೆ, ಪಕ್ಕದಿಂದ ಬರಬೇಕು. ಲೆನ್ಸಿನ ಮೇಲಿಂದ ಬಿದ್ದರೆ ಗಾಜಿನ ಮೇಲೆ ದೀಪದ ಪ್ರತಿಬಿಂಬ ಕಾಣುತ್ತದೆ, ಅಕ್ಷರ ಅದರಡಿ ಮರೆಯಾಗುತ್ತದೆ. 10 ಡಯಾಪ್ಟರ್‌ವರೆಗೆ ಹೀಗೆ ನಡೆಯುತ್ತದೆ, ಆಗ ಸಂದಿ ಸುಮಾರು 10 ಸೆಂಟಿಮೀಟರ್. 20 ಡಯಾಪ್ಟರ್ ಲೆನ್ಸಿಗೆ ಸಂದಿ 5 ಸೆಂಟಿಮೀಟರಷ್ಟೇ. ಹೊರಗಿನ ದೀಪದ ಬೆಳಕು ಅಲ್ಲಿಗೆ ನುಗ್ಗುವುದೇ ಕಷ್ಟ. ಅಲ್ಲಿಂದ ಮುಂದೆ ತನ್ನೊಳಗೇ ದೀಪವಿರುವ, ಪುಟದ ಮೇಲೆ ಕೂರಿಸುವ ಲೆನ್ಸ್ ಸರಿಯಾದ ಉಪಕರಣ, ಟೇಬಲ್ ಲ್ಯಾಂಪ್ ಸುತ್ತಲಿನ ಬೆಳಕಿಗಷ್ಟೇ ಇರಲಿ. ಪುಟವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಯಂತ್ರ ಬಳಸುವಾಗ ದೀಪವನ್ನು ಆರಿಸಿ ಅಥವಾ ಪರದೆಯಿಂದ ಆಚೆ ತಿರುಗಿಸಿ.

ಅಡುಗೆಮನೆಗೆ, ಹೊಲಿಗೆಗೆ ಅದೇ ದೀಪ ಆಗುತ್ತಾ?

ಹೊಲಿಗೆಗೆ ಆಗುತ್ತದೆ, ಇಡುವ ರೀತಿ ಬೇರೆ. ಬಟ್ಟೆಯ ಎಳೆ, ಹಳೆಯ ಹೊಲಿಗೆಯ ಸಾಲು ಕಾಣಬೇಕಾದರೆ ದೀಪವನ್ನು ಬಹಳ ತಗ್ಗಿಸಿ, ಬೆಳಕು ಬಟ್ಟೆಯ ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬಿಡಿ. ಪ್ರತಿ ಹೊಲಿಗೆಗೂ ಪುಟ್ಟ ನೆರಳು ಬಿದ್ದು ಅದು ಎದ್ದು ಕಾಣುತ್ತದೆ. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲಿನ ಕಪ್ಪು ನೂಲು ಸಿಗುವುದೇ ಇಲ್ಲ. ಸೂಜಿಗೆ ದಾರ ಪೋಣಿಸುವಾಗ ಕಪ್ಪು ದಾರಕ್ಕೆ ಬಿಳಿ ಕಾಗದ, ಬಿಳಿ ದಾರಕ್ಕೆ ಕಪ್ಪು ಕಾಗದ ಹಿಂದೆ ಹಿಡಿಯಿರಿ.

ಅಡುಗೆಮನೆಗೆ ಟೇಬಲ್ ಲ್ಯಾಂಪ್ ಬೇಡ, ನೀರು ಮತ್ತು ವೈರ್ ಹತ್ತಿರವಿರಬಾರದು. ಮೇಲಿನ ಕಪಾಟಿನ ತಳಕ್ಕೆ ಎಲ್‌ಇಡಿ ಪಟ್ಟಿ ಹಾಕಿಸಿ. ಕಪಾಟಿನ ಮುಂದಿನ ಅಂಚಿನ ಒಳಬದಿಗೆ ಹಾಕಿಸಿದರೆ ಬೆಳಕು ಕತ್ತರಿಸುವ ಜಾಗಕ್ಕೇ ಬೀಳುತ್ತದೆ, ಅಂಚು ಪಟ್ಟಿಯನ್ನು ಮರೆಮಾಡುತ್ತದೆ. ಹಿಂದಿನ ಗೋಡೆಗೆ ಹಾಕಿದರೆ ಹೊಳೆಯುವ ಕಟ್ಟೆಯಿಂದ ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ. ಬಿಳಿ ತರಕಾರಿಗೆ ಗಾಢ ಬಣ್ಣದ ಹಲಗೆ, ಗಾಢ ತರಕಾರಿಗೆ ಬಿಳಿ ಹಲಗೆ ಇಟ್ಟುಕೊಳ್ಳಿ. ಚಾಕುವಿನ ಅಂಚು ಕಾಣುವುದರಲ್ಲಿ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ.

## ಇನ್ನೂ ಆಳಕ್ಕೆ

ಎಲ್‌ಇಡಿ ಕೆಳಗೆ ಅರ್ಧ ಗಂಟೆ ಓದಿದರೆ ತಲೆನೋವು. ಬೆಳಕು ಮಿಣುಕುತ್ತಿದೆಯಾ?

ಇರಬಹುದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಸರ್ಕ್ಯೂಟಿನ ಎಲ್‌ಇಡಿ ಸೆಕೆಂಡಿಗೆ 100 ಬಾರಿ, 60 ಹರ್ಟ್ಸ್‌ನಲ್ಲಿ 120 ಬಾರಿ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರಿಸುತ್ತದೆ. ದೀಪದ ಕೆಳಗೆ ಪೆನ್ನನ್ನು ವೇಗವಾಗಿ ಆಡಿಸಿ. ಒಂದೇ ಮಸುಕು ಬೀಸು ಕಾಣಬೇಕು. ಬಿಡಿಬಿಡಿಯಾಗಿ ಹಲವು ಪೆನ್ನು ಕಂಡರೆ ಮಿಣುಕಿದೆ. ಮೊಬೈಲ್ ಕ್ಯಾಮೆರಾದ ನಿಧಾನಗತಿಯ ವಿಡಿಯೊದಲ್ಲಿ ಕಪ್ಪು ಪಟ್ಟೆಗಳಾಗಿಯೂ ಕಾಣಬಹುದು.

ಪರೀಕ್ಷೆಯನ್ನು ಪೂರ್ತಿ ಬೆಳಕಿನಲ್ಲೂ ತಗ್ಗಿಸಿದ ಬೆಳಕಿನಲ್ಲೂ ಮಾಡಿ. ಹಲವು ದೀಪಗಳು ಬೆಳಕು ತಗ್ಗಿಸುವುದೇ ವೇಗವಾಗಿ ಹತ್ತಿ ಆರುವ ಮೂಲಕ. ಅಂಥದ್ದಾದರೆ ಪೂರ್ತಿ ಬೆಳಕಿನಲ್ಲಿಟ್ಟು ದೀಪವನ್ನೇ ದೂರ ಸರಿಸಿ, ಬೆಳಕು ತಾನಾಗಿ ತಗ್ಗುತ್ತದೆ. ಗೋಡೆಯ ಡಿಮ್ಮರ್‌ಗೆ ಅದಕ್ಕೆಂದೇ ಮಾಡಿದ ಎಲ್‌ಇಡಿ ಬಲ್ಬ್ ಮಾತ್ರ ಹಾಕಿ. ಸಾಮಾನ್ಯ ಬಲ್ಬ್ ಮಿಣುಕುತ್ತದೆ, ಗುಂಯ್‌ಗುಡುತ್ತದೆ.

ಮೊಬೈಲ್‌ನ ಲಕ್ಸ್ ಆ್ಯಪ್‌ನಿಂದ ಅಳೆದರೆ ಸರಿಯಾಗುತ್ತಾ?

ಹೋಲಿಕೆಗೆ ಸರಿ, ನಿಖರ ಅಂಕಿಗೆ ಅಲ್ಲ. ಫೋನಿನಿಂದ ಫೋನಿಗೆ ಅಂಕಿ ಬಹಳ ಬದಲಾಗುತ್ತದೆ. ಒಂದೇ ಫೋನನ್ನು ಪುಟದ ಮೇಲೆ ಪರದೆ ಮೇಲ್ಮುಖವಾಗಿ ಇಡಿ. ಸೆನ್ಸರ್ ಮುಂದಿನ ಕ್ಯಾಮೆರಾದ ಪಕ್ಕದಲ್ಲಿರುತ್ತದೆ, ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಹಿತವಾಗಿ ಓದಿದ ದಿನದ ಅಂಕಿ ಬರೆದಿಟ್ಟುಕೊಂಡರೆ ಇನ್ನೊಂದು ಕೋಣೆಯಲ್ಲಿ ಅದೇ ಬೆಳಕು ಹೊಂದಿಸಬಹುದು. ಪುಟದ ನಡುವೆ ಅಳೆದು, 20 ಸೆಂಟಿಮೀಟರ್ ಆಚೀಚೆಯೂ ಅಳೆಯಿರಿ. ಅಂಚಿನ ಅಂಕಿ ನಡುವಿನದರ ಮೂರನೇ ಒಂದಕ್ಕಿಂತ ಕಡಿಮೆಯಾದರೆ ಬೆಳಕು ತೀರಾ ಚುಕ್ಕೆಯಾಗಿ ಬೀಳುತ್ತಿದೆ, ಸಾಲಿನ ಕೊನೆಯ ಪದಗಳು ಕಷ್ಟವಾಗುತ್ತವೆ.

ದೂರ ಅರ್ಧ ಮಾಡಿದೆ, ನಾಲ್ಕು ಪಟ್ಟು ಬರಲಿಲ್ಲ. ಲೆಕ್ಕ ತಪ್ಪೇ?

ಆ ಲೆಕ್ಕ ಬಿಂದುವಿನಂಥ ದೀಪಕ್ಕೆ ಬರೆದದ್ದು. ಹೊಳೆಯುವ ಭಾಗದ ಉದ್ದದ ಐದು ಪಟ್ಟಿಗಿಂತ ದೂರದಲ್ಲಿ ಅದು ಚೆನ್ನಾಗಿ ಹೊಂದುತ್ತದೆ. 5 ಸೆಂಟಿಮೀಟರ್ ಬಲ್ಬಿಗೆ 25 ಸೆಂಟಿಮೀಟರ್‌ವರೆಗೂ ಸರಿ. 40 ಸೆಂಟಿಮೀಟರ್ ಪಟ್ಟಿಯನ್ನು ಪುಟದ ಹತ್ತಿರ ತಂದಾಗ ಬೆಳಕು ಏರುತ್ತದೆ, ಆದರೆ ಎರಡು, ಮೂರು ಪಟ್ಟಿನ ಒಳಗೇ ನಿಲ್ಲುತ್ತದೆ. ಕೋಣೆಯ ಉಳಿದ ಬೆಳಕು ಸೇರಿದ್ದರೆ ಅನುಪಾತ ಇನ್ನೂ ಕಡಿಮೆ ಕಾಣುತ್ತದೆ. ಪಟ್ಟಿಯ ದೀಪದವರು ದೂರದ ಜೊತೆಗೆ ಲ್ಯೂಮೆನ್‌ಗೂ ಗಮನ ಕೊಡಬೇಕಾದದ್ದು ಈ ಕಾರಣಕ್ಕೆ.

ಎರಡು ವರ್ಷ ಚೆನ್ನಾಗಿದ್ದ ದೀಪ ಈಗ ಸಾಲುತ್ತಿಲ್ಲ. ದೀಪ ಹಳೆಯದಾಯಿತಾ, ಕಣ್ಣಾ?

ಮೊದಲು ಒರೆಸಿ. ದೀಪ ಆರಿಸಿ, ಪ್ಲಗ್ ತೆಗೆದು, ತಣ್ಣಗಾದ ಮೇಲೆ ಬುಟ್ಟಿಯ ಒಳಮೈ, ಹೊದಿಕೆ ಎರಡನ್ನೂ ಒದ್ದೆಯಲ್ಲದ ಬಟ್ಟೆಯಿಂದ ಒರೆಸಿ. ಧೂಳಿನ ಪದರ ತಿನ್ನುವ ಬೆಳಕು ಕಡಿಮೆಯೇನಲ್ಲ. ಡಬ್ಬಿಯ ಮೇಲಿನ 25,000 ಗಂಟೆ ಎಂಬ ಆಯಸ್ಸು ಸಾಮಾನ್ಯವಾಗಿ ಬೆಳಕು ಶೇಕಡಾ 70ಕ್ಕೆ ಇಳಿಯುವವರೆಗಿನ ಲೆಕ್ಕ. ದಿನಕ್ಕೆ ಐದು ಗಂಟೆ ಉರಿಸಿದರೆ ಅದು ಹದಿಮೂರು ವರ್ಷ ದಾಟುತ್ತದೆ. ಎರಡೇ ವರ್ಷಕ್ಕೆ ಎದ್ದು ಕಾಣುವಷ್ಟು ಮಂಕಾಗಿದ್ದರೆ ಸರ್ಕ್ಯೂಟ್ ಕೆಟ್ಟಿರಬಹುದು. ಅಳೆದಿಟ್ಟ ಹಳೆಯ ಅಂಕಿಯಿದ್ದರೆ ಅದೇ ಫೋನಿನಿಂದ, ಅದೇ ದೂರದಲ್ಲಿ ಮತ್ತೆ ಅಳೆಯಿರಿ.

ಅಂಕಿ ಬದಲಾಗಿಲ್ಲ, ಓದು ಮಾತ್ರ ಕಷ್ಟವಾಗಿದೆ ಎಂದರೆ ಹೊಸ ದೀಪ ಹುಡುಕಬೇಡಿ, ಕಣ್ಣಿನ ವೈದ್ಯರ ಬಳಿ ಹೋಗಿ. ನೇರ ಗೆರೆಗಳು ಡೊಂಕಾಗಿ ಕಾಣುವುದು, ನೋಟದ ನಡುವೆ ಹೊಸ ಕಲೆ, ಇದ್ದಕ್ಕಿದ್ದಂತೆ ಮಿಂಚುಗಳು, ತೇಲುವ ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಇಳಿದಂತಾಗುವುದು: ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ದಿನ ಹೋಗಿ.